ವಾರಂಟಿ ಇರುವ ಲಾರಿಗೆ ಸಿಂಥೆಟಿಕ್ ಆಯಿಲ್ ಹಾಕಬಹುದಾ?

ಪ್ರಶ್ನೆ: ದಾವಣಗೆರೆ ಹತ್ತಿರದ ಹಳ್ಳಿ ನಮ್ಮದು. ಒಂದೇ ಒಂದು ಹತ್ತು ಚಕ್ರದ ಲಾರಿ ಇದೆ, ನಾನೇ ಓಡಿಸುತ್ತೇನೆ. ಬಿಎಸ್6 ಗಾಡಿ, ತಗೊಂಡು 14 ತಿಂಗಳಾಯಿತು, ವಾರಂಟಿ ಇನ್ನೂ ಬಹಳ ಇದೆ. ಮೆಕ್ಕೆಜೋಳ ತುಂಬಿಕೊಂಡು ಮಂಗಳೂರಿಗೆ ಹೋಗುತ್ತೇನೆ, ಬರುವಾಗ ಗೊಬ್ಬರ. ಶಿರಾಡಿ ಘಾಟಿ ಇಳಿಯುವುದು, ಹತ್ತುವುದೇ ಕೆಲಸ. ಆಯಿಲ್ ಅಂಗಡಿಯವರು 5ಡಬ್ಲ್ಯು-30 ಫುಲ್ ಸಿಂಥೆಟಿಕ್ ಹಾಕಿ, ಮೈಲೇಜ್ ಬರುತ್ತೆ, ಎರಡು ಸರ್ವಿಸ್‌ಗೆ ಒಂದು ಸಲ ಬದಲಾಯಿಸಿದರೆ ಸಾಕು ಅನ್ನುತ್ತಾರೆ. ಶೋರೂಂನವರು ನಮ್ಮ ಆಯಿಲ್ ಬಿಟ್ಟು ಬೇರೆ ಹಾಕಿದರೆ ವಾರಂಟಿ ಹೋಯ್ತು ಅನ್ನುತ್ತಾರೆ. ಅಪ್ಪನ ಹಳೇ ಬಿಎಸ್3 ಲಾರಿಗೆ ಅಂತ ತಂದ ಸಿಐ-4 15ಡಬ್ಲ್ಯು-40 ಬ್ಯಾರಲ್ ಮನೆಯಲ್ಲಿ ಅರ್ಧ ಉಳಿದಿದೆ, ಅದನ್ನೇ ಹಾಕಬಹುದಾ? ಅಮೆರಿಕದ ಒಬ್ಬರ ವಿಡಿಯೊದಲ್ಲಿ ಯಾವ ಆಯಿಲ್ ಹಾಕಿದರೂ ಕಂಪನಿ ವಾರಂಟಿ ತಪ್ಪಿಸುವ ಹಾಗಿಲ್ಲ ಅಂತ ಕೇಳಿದೆ. ಯಾರ ಮಾತು ನಂಬಲಿ?

ಉತ್ತರ: ಮೊದಲು ಆ ಬ್ಯಾರಲ್ ವಿಷಯ ಮುಗಿಸೋಣ. ಅದನ್ನು ಹೊಸ ಗಾಡಿಗೆ ಹಾಕಬೇಡಿ. ನೀವು ಕೇಳಿದ್ದರಲ್ಲಿ ನಿಜವಾಗಿ ಎಂಜಿನ್‌ಗೂ ಜೇಬಿಗೂ ಪೆಟ್ಟು ಕೊಡುವಂಥದ್ದು ಅದೇ. ಸಿಂಥೆಟಿಕ್ಕೋ ಅಲ್ಲವೋ ಅನ್ನುವುದು ಆಮೇಲಿನ ಮಾತು.

ಯಾಕೆ ಅಂತ ಹೇಳುತ್ತೇನೆ. 2020ರ ಏಪ್ರಿಲ್ 1ರಿಂದ ದೇಶದ ತುಂಬಾ ಬಿಎಸ್6 ಹೊಗೆ ನಿಯಮ ಬಂತು. ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಂ ಇದ್ದದ್ದು 10ಕ್ಕೆ ಇಳಿಯಿತು. ಲಾರಿಯ ಸೈಲೆನ್ಸರ್ ಇದ್ದ ಜಾಗಕ್ಕೆ ಒಂದು ಸಣ್ಣ ಕಾರ್ಖಾನೆಯೇ ಬಂದು ಕೂತಿತು. ಹೊಗೆಯನ್ನು ಸುಡುವ ಕ್ಯಾಟಲಿಸ್ಟ್, ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್, ಯೂರಿಯಾ ನೀರು ಚಿಮುಕಿಸುವ ಎಸ್‌ಸಿಆರ್. ಹೆಚ್ಚಿನ ಬಿಎಸ್6 ಲಾರಿಗಳಲ್ಲಿ ಈ ಮೂರೂ ಇರುತ್ತವೆ. ನಿಮ್ಮ ಗಾಡಿಯಲ್ಲಿ ಏನೇನಿದೆ ಅಂತ ಮ್ಯಾನುಯಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಡಿಪಿಎಫ್ ಕೆಲಸ ಅರ್ಥವಾಗಬೇಕಾದರೆ ಹಳ್ಳಿ ಮನೆಯ ಒಲೆ ನೆನಪು ಮಾಡಿಕೊಳ್ಳಿ. ಕಟ್ಟಿಗೆ ಉರಿದು ಹೋಗುತ್ತದೆ, ಬೂದಿ ಉಳಿಯುತ್ತದೆ. ಡೀಸೆಲ್‌ನಿಂದ ಬರುವುದು ಮಸಿ. ಅದನ್ನು ಗಾಡಿ ಆಗಾಗ ತಾನೇ ಬಿಸಿ ಮಾಡಿ ಸುಟ್ಟು ಹಾಕುತ್ತದೆ, ಅದಕ್ಕೇ ರೀಜನರೇಷನ್ ಅನ್ನುವುದು. ಎಂಜಿನ್ ಆಯಿಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು ಇರುವ ರಾಸಾಯನಿಕಗಳಿರುತ್ತವೆ. ಪಿಸ್ಟನ್ ಪಕ್ಕದಿಂದ ಸ್ವಲ್ಪ ಸ್ವಲ್ಪ ಆಯಿಲ್ ಮೇಲೆ ಹೋಗಿ ಉರಿದಾಗ ಅವು ಬೂದಿಯಾಗುತ್ತವೆ. ಬೂದಿಯನ್ನು ಎಷ್ಟು ಬಿಸಿ ಮಾಡಿದರೂ ಸುಡಲಾಗುವುದಿಲ್ಲ. ಅದು ಫಿಲ್ಟರ್‌ನ ಸಣ್ಣ ಸಣ್ಣ ಕೊಳವೆಗಳಲ್ಲಿ ಕೂತೇ ಇರುತ್ತದೆ.

ಡಬ್ಬದ ಮೇಲಿನ ಸಿಐ-4ನಂಥ ಎಪಿಐ ಅಕ್ಷರಗಳಿಗೆ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಆಯಿಲ್‌ಗೆ ಕೊಡುವ ದರ್ಜೆಗೆ, ಅರ್ಥ ಬರುವುದು ಇಲ್ಲಿಯೇ. ಸಿಐ-4 ಬಂದದ್ದು 2002ರಲ್ಲಿ, ಡಿಪಿಎಫ್ ಲಾರಿಗಳಿಗೆ ಮುಂಚೆ. ಅದರಲ್ಲಿ ಬೂದಿಗೆ ಮಿತಿಯೇ ಇಲ್ಲ. ಡಿಪಿಎಫ್ ಗಾಡಿಗಳಿಗೆ ಅಂತ 2006ರಲ್ಲಿ ಸಿಜೆ-4 ಬಂತು, 2016ರ ಡಿಸೆಂಬರ್‌ನಲ್ಲಿ ಸಿಕೆ-4. ಈ ಎರಡರಲ್ಲೂ ಬೂದಿ ಶೇ 1 ದಾಟುವಂತಿಲ್ಲ, ರಂಜಕ ಶೇ 0.12 ದಾಟುವಂತಿಲ್ಲ, ಗಂಧಕ ಶೇ 0.4 ದಾಟುವಂತಿಲ್ಲ. ರಂಜಕಕ್ಕೆ ಮಿತಿ ಹಾಕಿದ್ದು ಅದು ಕ್ಯಾಟಲಿಸ್ಟನ್ನು ಮಂಕು ಮಾಡುತ್ತದೆ ಅಂತ.

ಒಂದು ಲೆಕ್ಕ ಹಾಕೋಣ. 5000 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುವ ಗಾಡಿ ಅಂತಿಟ್ಟುಕೊಳ್ಳಿ. ಮೂರು ಲಕ್ಷ ಕಿ.ಮೀ.ಗೆ 60 ಲೀಟರ್, ಅಂದರೆ ಸುಮಾರು 52 ಕೆಜಿ ಆಯಿಲ್ ಉರಿದಿರುತ್ತದೆ. ಬೂದಿ ಶೇ 1 ಇದ್ದರೆ ಸುಮಾರು 520 ಗ್ರಾಂ. ಶೇ 1.5 ಇದ್ದರೆ 780 ಗ್ರಾಂ. ಅಷ್ಟೂ ಫಿಲ್ಟರ್ ತಲುಪುವುದಿಲ್ಲ ನಿಜ, ಆದರೆ ಬೇಗ ಕಟ್ಟಿಕೊಳ್ಳುವುದು ಯಾವುದು ಅಂತ ಗೊತ್ತಾಯಿತಲ್ಲ. ಕಟ್ಟಿಕೊಂಡರೆ ಮತ್ತೆ ಮತ್ತೆ ರೀಜನ್ ಕೇಳುತ್ತದೆ, ಪಿಕಪ್ ಬಿದ್ದುಹೋಗುತ್ತದೆ, ಘಾಟಿಯಲ್ಲಿ ಗಾಡಿ ಎಳೆಯುವುದಿಲ್ಲ. ಆಗ ಶೋರೂಂಗೆ ಹೋದರೆ ಮೊದಲ ಪ್ರಶ್ನೆ: ಯಾವ ಆಯಿಲ್ ಹಾಕಿದ್ರಿ? ಸಿಐ-4 ಅಂದರೆ ಅಲ್ಲಿಗೆ ಮಾತು ಮುಗಿಯಿತು. ಅವರು ಹೇಳುವುದು ಸರಿಯೂ ಆಗಿರುತ್ತದೆ.

ತಿರುಗಿಸಿ ನೋಡಿದರೆ ತೊಂದರೆ ಇಲ್ಲ. ಸಿಕೆ-4 ಅನ್ನು ಸಿಐ-4 ಕೇಳುವ ಹಳೇ ಎಂಜಿನ್‌ಗೆ ಹಾಕಬಹುದು, ಅದಕ್ಕೆ ಹಾಗೆಂದೇ ತಯಾರು ಮಾಡಿರುತ್ತಾರೆ. ಹಾಗಾಗಿ ಮುಂದೆ ಎರಡೂ ಗಾಡಿಗೆ ಒಂದೇ ಬ್ಯಾರಲ್ ತರುವ ಮನಸ್ಸಿದ್ದರೆ ಸಿಕೆ-4 ತನ್ನಿ. ಕತ್ತಲಲ್ಲಿ ತಪ್ಪು ಬ್ಯಾರಲ್‌ನಿಂದ ಕ್ಲೀನರ್ ಹುಡುಗ ಸುರಿಯುವ ಭಯವೂ ಇರುವುದಿಲ್ಲ. ಅಂಥದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ಅಂಗಡಿಯವರ ಮಾತಿಗೆ ಬರೋಣ. ಸಿಂಥೆಟಿಕ್ ಅನ್ನುವುದು ಡಬ್ಬದ ಮೇಲೆ ಅತಿ ದೊಡ್ಡ ಅಕ್ಷರದಲ್ಲಿರುವ, ಅತಿ ಕಡಿಮೆ ವಿಷಯ ಹೇಳುವ ಪದ. ಅದು ಮೂಲ ಎಣ್ಣೆ ಯಾವ ಜಾತಿಯದು ಅಂತ ಹೇಳುತ್ತದೆ, ಅದೂ ಸರಿಯಾಗಿ ಹೇಳುವುದಿಲ್ಲ. ಮೊದಲು ಪಿಎಒನಂಥ, ರಾಸಾಯನಿಕವಾಗಿ ಕಟ್ಟಿದ ಎಣ್ಣೆಗಳಿಗೆ ಮಾತ್ರ ಆ ಹೆಸರಿತ್ತು. ಕಚ್ಚಾ ತೈಲವನ್ನೇ ಜೋರಾಗಿ ಸಂಸ್ಕರಿಸಿದ ಎಣ್ಣೆಗೂ ಆ ಹೆಸರು ಇಡಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್‌ಗೂ ಕ್ಯಾಸ್ಟ್ರಾಲ್‌ಗೂ ಜಗಳವೇ ಆಯಿತು. 1999ರಲ್ಲಿ ಜಾಹೀರಾತು ತಕರಾರು ನೋಡುವ ಅಲ್ಲಿನ ಸಂಸ್ಥೆ ಇಡಬಹುದು ಅಂದಿತು. ಅಲ್ಲಿಂದ ಮುಂದೆ ಎರಡಕ್ಕೂ ಒಂದೇ ಹೆಸರು. ಇನ್ನು ಸೆಮಿ ಸಿಂಥೆಟಿಕ್ ಅಂತಿದ್ದರೆ ಅದರಲ್ಲಿ ಎಷ್ಟು ಪಾಲು ಸಿಂಥೆಟಿಕ್ ಅಂತ ಡಬ್ಬ ನೋಡಿ ಹೇಳುವುದು ಕಷ್ಟ.

ಹಾಗಂತ ಸಿಂಥೆಟಿಕ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಸಿಂಥೆಟಿಕ್ ಬಿಸಿ ತಡೆಯುತ್ತದೆ, ಬೇಗ ಗಟ್ಟಿಯಾಗುವುದಿಲ್ಲ, ಆವಿಯಾಗಿ ಹೋಗುವುದು ಕಡಿಮೆ. ತುಂಬಿದ ಲೋಡಿನಲ್ಲಿ ಶಿರಾಡಿ ಹತ್ತಿ ಬಂದ ಟರ್ಬೊಗೆ ಅದು ಹಿತವೇ. ಆದರೆ ಅದರ ದೊಡ್ಡ ಗುಣ ಚಳಿಯಲ್ಲಿದೆ. 15ಡಬ್ಲ್ಯು ಆಯಿಲ್‌ನ ಸ್ಟಾರ್ಟಿಂಗ್ ಪರೀಕ್ಷೆ ಮಾಡುವುದು ಮೈನಸ್ 20 ಡಿಗ್ರಿಯಲ್ಲಿ, 5ಡಬ್ಲ್ಯು ಆಯಿಲ್‌ನದು ಮೈನಸ್ 30ರಲ್ಲಿ. ಲಡಾಖಿಗೆ ಲೋಡ್ ಹೊಡೆಯುವವರಿಗೆ ಅದು ಬೇಕು. ನಮ್ಮ ಬೀದರ್, ವಿಜಯಪುರದ ಡಿಸೆಂಬರ್ ಚಳಿ ಆ ಲೆಕ್ಕದಲ್ಲಿ ಬೇಸಿಗೆ. ಬೆಳಗಿನ ಸ್ಟಾರ್ಟಿಂಗ್‌ನಲ್ಲಿ 5ಡಬ್ಲ್ಯು ಒಂದೆರಡು ಕ್ಷಣ ಮೊದಲು ಮೇಲೆ ತಲುಪಬಹುದು, ಅಷ್ಟೇ.

ಅವರು ಹೇಳಿದ 5ಡಬ್ಲ್ಯು-30ರಲ್ಲಿ ನನಗೆ ಅನುಮಾನ ಬಂದದ್ದು ಕೊನೆಯ 30ರ ಮೇಲೆ, ಅಂದರೆ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಸಂಖ್ಯೆಯ ಮೇಲೆ. ಲಾರಿಗೆ ಸಿಗುವ 30 ಗ್ರೇಡಿನಲ್ಲಿ ಎರಡು ಪಂಗಡ ಇವೆ. ಒಂದು ಸಿಕೆ-4, ಇನ್ನೊಂದು ಎಫ್‌ಎ-4. ಎರಡೂ ಒಂದೇ ದಿನ ಹುಟ್ಟಿದವು, ಆದರೆ ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. 150 ಡಿಗ್ರಿ ಬಿಸಿಯಲ್ಲಿ ಬೇರಿಂಗ್ ನಡುವೆ ಜಜ್ಜಿದಾಗ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅಂತ ಒಂದು ಅಳತೆ ಇದೆ, ಎಚ್‌ಟಿಎಚ್‌ಎಸ್ ಅಂತ. ಸಿಕೆ-4ಗೆ ಅದು ಕನಿಷ್ಠ 3.5 ಇರಬೇಕು. ಎಫ್‌ಎ-4ಗೆ 2.9ರಿಂದ 3.2. ಎಫ್‌ಎ-4 ಅನ್ನು ಅದಕ್ಕೇ ಅಂತ ಮಾಡಿದ ಎಂಜಿನ್‌ಗಳಿಗೆ, ಡೀಸೆಲ್ ಉಳಿಸಲು ತಯಾರಿಸಿದ್ದು. ಕಾರಿನ 5ಡಬ್ಲ್ಯು-30 ಅಂತೂ ಬೇರೆಯೇ ಲೋಕ. ಅಂಗಡಿಯವರು ತೋರಿಸಿದ ಡಬ್ಬ ಇವುಗಳಲ್ಲಿ ಯಾವುದು ಅಂತ ನೀವು ಬರೆದಿಲ್ಲ. ಅವರೂ ಹೇಳಿರಲಿಕ್ಕಿಲ್ಲ, ಅಲ್ವಾ?

ಮೈಲೇಜ್ ಮಾತಿನಲ್ಲಿ ಅರ್ಧ ಸತ್ಯ ಇದೆ. ತೆಳು ಆಯಿಲ್‌ನಲ್ಲಿ ಡೀಸೆಲ್ ಸ್ವಲ್ಪ ಉಳಿಯುತ್ತದೆ. ಉಳಿಯುವುದು ತೆಳುವಾಗಿರುವುದರಿಂದ, ಸಿಂಥೆಟಿಕ್ ಆಗಿರುವುದರಿಂದ ಅಲ್ಲ. ತಿಂಗಳಿಗೆ 2000 ಲೀಟರ್ ಸುಡುವ ಗಾಡಿಯಲ್ಲಿ ಶೇ 1 ಉಳಿದರೂ 20 ಲೀಟರ್, ಅದು ಸಣ್ಣ ದುಡ್ಡಲ್ಲ. ಆದ್ದರಿಂದ ನಿಮ್ಮ ಮ್ಯಾನುಯಲ್ 10ಡಬ್ಲ್ಯು-30 ಅಥವಾ 5ಡಬ್ಲ್ಯು-30 ಹಾಕಬಹುದು ಅಂತ ಹೇಳಿದ್ದರೆ ಧಾರಾಳವಾಗಿ ಹಾಕಿ. 15ಡಬ್ಲ್ಯು-40 ಮಾತ್ರ ಅಂತಿದ್ದರೆ ಆ 20 ಲೀಟರ್ ಆಸೆ ಬಿಡಿ. ಟೈರ್ ಗಾಳಿ ಸರಿ ಇಟ್ಟುಕೊಂಡರೆ ಅದಕ್ಕಿಂತ ಜಾಸ್ತಿ ಉಳಿಯಬಹುದು, ವಾರಂಟಿಗೆ ಚ್ಯುತಿಯೂ ಇಲ್ಲ.

ಎರಡು ಸರ್ವಿಸ್‌ಗೆ ಒಂದು ಸಲ ಅನ್ನುವುದಕ್ಕೆ ಮಾತ್ರ ಕಿವಿ ಕೊಡಲೇಬೇಡಿ. ವಾರಂಟಿ ಇರುವಷ್ಟು ದಿನ ಆಯಿಲ್ ಯಾವಾಗ ಬದಲಾಯಿಸಬೇಕು ಅಂತ ಹೇಳುವವರು ಲಾರಿ ಕಂಪನಿಯವರು. ಅಷ್ಟು ಕಿ.ಮೀ. ಅಥವಾ ಅಷ್ಟು ತಿಂಗಳು, ಕೆಲವು ಗಾಡಿಗಳಿಗೆ ಅಷ್ಟು ಗಂಟೆ, ಯಾವುದು ಮೊದಲೋ ಅದು. ಡಬ್ಬದಲ್ಲಿ ಅಮೃತವೇ ಇದ್ದರೂ ಆ ಲೆಕ್ಕ ಬದಲಾಗುವುದಿಲ್ಲ. ಇಲ್ಲೇ ಒಂದು ವಿಚಿತ್ರ ನೋಡಿ. ಸಿಂಥೆಟಿಕ್‌ಗೆ ಕೊಡುವ ಜಾಸ್ತಿ ದುಡ್ಡು ವಾಪಸ್ ಬರುವ ಮುಖ್ಯ ದಾರಿ ಅಂದರೆ ಬದಲಾಯಿಸುವ ಅಂತರ ಹೆಚ್ಚಾಗುವುದು. ವಾರಂಟಿಯಲ್ಲಿ ಆ ದಾರಿಯೇ ಮುಚ್ಚಿದೆ. ಎಂಜಿನ್‌ನ ಆಯಿಲ್ ಸಂಪ್‌ಗೆ 20 ಲೀಟರ್ ಹಿಡಿಯುತ್ತದೆ, ಲೀಟರಿಗೆ 200 ರೂಪಾಯಿ ಜಾಸ್ತಿ ಅಂತಿಟ್ಟುಕೊಂಡರೆ, ಪ್ರತಿ ಸಲ 4000 ರೂಪಾಯಿ ಹೆಚ್ಚು ಕೊಟ್ಟು ಅರ್ಧ ಆಯುಷ್ಯ ಇರುವ ಆಯಿಲನ್ನು ಚೆಲ್ಲುತ್ತೀರಿ. ನಾನಾಗಿದ್ದರೆ ವಾರಂಟಿ ಮುಗಿಯುವ ತನಕ ಆ ದುಡ್ಡು ಉಳಿಸಿಕೊಳ್ಳುತ್ತಿದ್ದೆ. ಮನಸ್ಸಿನ ಸಮಾಧಾನಕ್ಕೆ ಹಾಕುತ್ತೇನೆ ಅಂದರೆ ಬೇಡ ಅನ್ನುವುದಿಲ್ಲ, ಮ್ಯಾನುಯಲ್ ಕೇಳುವ ನಂಬರ್ ಆ ಡಬ್ಬದ ಮೇಲಿದ್ದರೆ.

ಆ ನಂಬರ್ ಯಾವುದು? ಮ್ಯಾನುಯಲ್‌ನ ಕೊನೆಯ ಕಡೆ ಲೂಬ್ರಿಕೆಂಟ್ ಪಟ್ಟಿ ಇರುತ್ತದೆ. ಅಲ್ಲಿ ಮೂರು ವಿಷಯ ಹುಡುಕಿ: ಗ್ರೇಡ್, ಎಪಿಐ ಅಥವಾ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ದರ್ಜೆ, ಎಂಜಿನ್ ತಯಾರಕರ ಸ್ವಂತ ನಂಬರ್. ಕಮಿನ್ಸ್ ಎಂಜಿನ್‌ಗಳಿಗೆ ಸಿಇಎಸ್ 20086, ವೋಲ್ವೊದವರಿಗೆ ವಿಡಿಎಸ್-4.5, ಮರ್ಸಿಡಿಸ್‌ನವರಿಗೆ 228.31 ಅಥವಾ 228.51, ಹೀಗೆ. ಡಬ್ಬದ ಹಿಂಬದಿಯ ಸಣ್ಣ ಅಕ್ಷರದಲ್ಲಿ ಅದೇ ನಂಬರ್ ಕಾಣಬೇಕು. ಅದರ ಮುಂದೆ ಯಾವ ಪದ ಇದೆ ಅಂತಲೂ ನೋಡಿ. ಅಪ್ರೂವ್ಡ್ ಅಂತಿದ್ದರೆ ಎಂಜಿನ್ ಕಂಪನಿಯೇ ಒಪ್ಪಿ ಪತ್ರ ಕೊಟ್ಟಿದೆ. ಮೀಟ್ಸ್ ಅಂತಿದ್ದರೆ ಆಯಿಲ್ ಕಂಪನಿ ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದೆ. ಸೂಟಬಲ್ ಫಾರ್ ಅಂದರೆ ಸುಮ್ನೆ ಮಾತು. ವಾರಂಟಿ ಗಾಡಿಗೆ ಮೊದಲನೆಯದನ್ನೇ ಹಿಡಿಯಿರಿ. ಎಪಿಐ ದುಂಡು ಮುದ್ರೆ ಇದ್ದರೆ ಅದಕ್ಕೆ ಲೈಸೆನ್ಸ್ ಇದೆಯಾ ಅಂತ ಎಪಿಐ ವೆಬ್‌ಸೈಟಿನಲ್ಲೇ ನೋಡಬಹುದು, ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ.

ಎಪಿಐ ಅಕ್ಷರ ಒಂದೇ ಸಾಲದು ಅನ್ನುವುದಕ್ಕೆ ಒಂದು ಪ್ರಸಂಗ ಇದೆ. 2016ರಲ್ಲಿ ಸಿಕೆ-4 ಬರುತ್ತಿದ್ದ ಹಾಗೇ ಅಮೆರಿಕದಲ್ಲಿ ಫೋರ್ಡ್‌ನವರು ತಮ್ಮ ಪವರ್ ಸ್ಟ್ರೋಕ್ ಡೀಸೆಲ್ ಪಿಕಪ್‌ಗಳಿಗೆ ಎಲ್ಲ ಸಿಕೆ-4 ಆಗುವುದಿಲ್ಲ ಅಂದರು. ಕೆಲವದರಲ್ಲಿ ರಂಜಕ ತೀರಾ ಕಡಿಮೆ, ಎಂಜಿನ್ ಸವೆಯಬಹುದು ಅನ್ನುವುದು ಅವರ ಆತಂಕ. ತಮ್ಮದೇ ಒಂದು ನಂಬರ್ ಹೊರಡಿಸಿ, ಅದಿರುವ ಡಬ್ಬ ಮಾತ್ರ ಕೊಳ್ಳಿ ಅಂದರು. ಎಲ್ಲ ಡಬ್ಬದ ಮೇಲೂ ಸಿಕೆ-4 ಅಂತಲೇ ಇತ್ತು, ಗಮನಿಸಿ.

ಅಮೆರಿಕದ ಮಾತು ಬಂತಲ್ಲ, ಆ ವಿಡಿಯೊ ನೋಡೋಣ. ಅವರು ಹೇಳುತ್ತಿರುವುದು 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ. ನಮ್ಮದೇ ಬ್ರಾಂಡಿನ ಆಯಿಲ್ ಹಾಕಿದರೆ ಮಾತ್ರ ವಾರಂಟಿ ಅಂತ ಷರತ್ತು ಹಾಕುವಂತಿಲ್ಲ, ಹಾಕಬೇಕಾದರೆ ಆಯಿಲ್ ಪುಕ್ಕಟೆ ಕೊಡಬೇಕು ಅಂತ ಅದರ ಸಾರ. ಆದರೆ ಅದು ಮನೆಬಳಕೆಯ ವಸ್ತುಗಳ ಕಾಯ್ದೆ. ಬಾಡಿಗೆ ಹೊಡೆಯುವ ಹತ್ತು ಚಕ್ರದ ಲಾರಿ ಅಲ್ಲೂ ಅದರೊಳಗೆ ಬರುವುದು ಕಷ್ಟ. ಬ್ರಾಂಡ್ ಯಾವುದಾದರೂ ಇರಲಿ, ದರ್ಜೆ ಸರಿ ಇರಲೇಬೇಕು ಅನ್ನುವುದು ಅಲ್ಲೂ ಬಿಟ್ಟದ್ದಲ್ಲ. ನಮ್ಮ ದೇಶಕ್ಕಂತೂ ಅದು ಸಂಬಂಧವೇ ಇಲ್ಲ.

ನಮ್ಮಲ್ಲಿ ಏನಿದೆ? 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿ ಒಂದು ಆದೇಶ ಕೊಟ್ಟಿತು. ಹೊರಗೆ ರಿಪೇರಿ ಮಾಡಿಸಿದರು ಅನ್ನುವ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತ ಅದರಲ್ಲಿದೆ. ಅದು ಕಾರುಗಳ ವಿಷಯ, ಆಮೇಲೆ ಮೇಲ್ಮನವಿಗಳಿಗೂ ಹೋಯಿತು. ಶೋರೂಂ ಕೌಂಟರಿನಲ್ಲಿ ಅದನ್ನು ಝಳಪಿಸಿದರೆ ಲಾರಿ ಬಿಟ್ಟುಕೊಡುತ್ತಾರೆ ಅಂತ ತಿಳಿಯಬೇಡಿ.

ನಿಮಗೆ ಹೆಚ್ಚು ಉಪಯೋಗ ಇನ್ನೊಂದರಿಂದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಅಂತಿದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆ ಮಾತ್ರ ಕೊಂಡವರನ್ನು ವ್ಯಾಪಾರಿ ಅಂತ ಎಣಿಸುವುದಿಲ್ಲ. ಒಂದೇ ಲಾರಿ, ನಾನೇ ಓಡಿಸುತ್ತೇನೆ ಅಂದಿರಲ್ಲ, ಆ ಮಾತಿಗೆ ಕಾನೂನಿನಲ್ಲಿ ಬೆಲೆ ಇದೆ. ನೀವು ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು. ಇಪ್ಪತ್ತು ಲಾರಿ ಇಟ್ಟುಕೊಂಡವರಿಗೆ ಈ ಅನುಕೂಲ ಹೀಗೆ ಸಿಗುವುದಿಲ್ಲ.

ಶೋರೂಂನವರ ಮಾತು ನಿಜವೋ ಸುಳ್ಳೋ ಅಂತ ತಿಳಿಯಲು ವಾರಂಟಿ ಪುಸ್ತಕ ಓದಿ. ಬ್ರಾಂಡ್ ಹೆಸರು ಬರೆದಿದ್ದಾರಾ, ಇಂಥ ದರ್ಜೆಯ ಆಯಿಲ್ ಅಂತ ಬರೆದಿದ್ದಾರಾ? ಸರ್ವಿಸ್ ನಮ್ಮಲ್ಲೇ ಮಾಡಿಸಬೇಕು ಅಂತಿದೆಯಾ? ಬಾಯಿ ಮಾತಿಗೆ ಬೇಡ, ಇಂಥ ಆಯಿಲ್ ಹಾಕಬಹುದಾ ಅಂತ ಚಾಸಿಸ್ ನಂಬರ್ ಹಾಕಿ ಕಂಪನಿಗೆ ಇಮೇಲ್ ಮಾಡಿ. ಉತ್ತರ ಬಂದರೆ ಪ್ರಿಂಟ್ ತೆಗೆದು ಗಾಡಿ ಕಾಗದದ ಜೊತೆ ಇಡಿ. ಬರವಣಿಗೆಯಲ್ಲಿ ಕೇಳಿದಾಗ ದನಿ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪುಸ್ತಕದಲ್ಲೇ ನಮ್ಮ ಆಯಿಲ್ ಮಾತ್ರ ಅಂತ ಸ್ಪಷ್ಟವಾಗಿದ್ದರೆ ವಾದ ಬೇಡ, ಅದನ್ನೇ ಹಾಕಿ. ಒಂದು ಟರ್ಬೊ ಬೆಲೆಯಲ್ಲಿ ಎಷ್ಟೋ ಸಲ ಆಯಿಲ್ ಬರುತ್ತದೆ.

ಹೊರಗೆ ಕೊಳ್ಳುವುದಾದರೆ ಬಿಲ್ಲು ಮುಖ್ಯ. ನಾನು ಗಾಡಿಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದಾಗ ಒಂದು ಲಾರಿಯ ಟರ್ಬೊ ಕ್ಲೇಮ್ ತಿರಸ್ಕಾರವಾಯಿತು. ಆಯಿಲ್ ಒಳ್ಳೆಯದೇ ಹಾಕಿದ್ದೆವು, ಸರಿಯಾದ ಸಮಯಕ್ಕೇ ಹಾಕಿದ್ದೆವು. ಆದರೆ ಬಿಲ್ಲಿನಲ್ಲಿ ಬರೆದದ್ದು ಬರೀ "ಎಂಜಿನ್ ಆಯಿಲ್ 1 ಬಕೆಟ್". ಯಾವ ಆಯಿಲ್, ಯಾವ ಗಾಡಿಗೆ ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅವತ್ತಿನಿಂದ ಬಿಲ್ಲಿನ ಮೇಲೆ ಗಾಡಿ ನಂಬರ್, ಆಯಿಲ್‌ನ ಪೂರ್ತಿ ಹೆಸರು, ಗ್ರೇಡ್, ಲೀಟರ್ ಎಲ್ಲ ಬರೆಸಿದೆ. ಬಕೆಟ್ ಮೇಲಿನ ಬ್ಯಾಚ್ ನಂಬರ್ ಮತ್ತು ಅವತ್ತಿನ ಕಿ.ಮೀ. ಮೀಟರ್ ಎರಡೂ ಒಟ್ಟಿಗೆ ಕಾಣುವ ಹಾಗೆ ಒಂದು ಫೋಟೊ ತೆಗೆಯುವುದನ್ನೂ ಶುರು ಮಾಡಿದೆ. ಈಗ ಮೊಬೈಲ್ ಇದೆ, ಸುಲಭ. ಫಿಲ್ಟರ್ ಮಾತ್ರ ಕಂಪನಿಯದೇ ಹಾಕಿ, ಅದರ ಬಿಲ್ಲೂ ಇರಲಿ.

ನಕಲಿ ಮಾಲಿನ ಕಾಟವೂ ಇದೆ. ಒಳ್ಳೆಯ ಬ್ರಾಂಡಿನ ಖಾಲಿ ಬಕೆಟ್‌ಗೆ ಗುಜರಿಯಲ್ಲಿ ಯಾಕೆ ಬೆಲೆ ಜಾಸ್ತಿ ಅಂತ ಯೋಚಿಸಿ. ಸೀಲ್ ಇರುವುದನ್ನು ನಿಮ್ಮೆದುರೇ ಒಡೆಸಿ. ಖಾಲಿಯಾದ ಬಕೆಟ್‌ಗೆ ಮೊಳೆ ಹೊಡೆದು ತೂತು ಮಾಡಿ ಕೊಡಿ.

ದಾರಿಯಲ್ಲಿ ಆಯಿಲ್ ಕಡಿಮೆಯಾಯಿತು, ನಿಮ್ಮ ಬ್ರಾಂಡ್ ಸಿಗಲಿಲ್ಲ ಅಂದರೆ ಗಾಬರಿ ಬೇಡ. ಬೇರೆ ಬ್ರಾಂಡಿನ ಸಿಕೆ-4 ಅದೇ ಗ್ರೇಡಿನದು ಒಂದು ಲೀಟರ್ ಹಾಕಿ, ಬಿಲ್ಲು ತಗೊಳ್ಳಿ. ಸಿಂಥೆಟಿಕ್‌ಗೆ ಮಿನರಲ್ ಬೆರೆಸಿದರೆ ಹಾಲಿಗೆ ಹುಳಿ ಬಿದ್ದ ಹಾಗೆ ಒಡೆಯುತ್ತದೆ ಅನ್ನುವುದು ಕಟ್ಟುಕತೆ. ಎಪಿಐ ಲೈಸೆನ್ಸ್ ಇರುವ ಆಯಿಲ್‌ಗಳು ಒಂದಕ್ಕೊಂದು ಬೆರೆಯಲೇಬೇಕು. ಮೇಲಿಂದ ಸುರಿಯುವ ಅಡಿಟಿವ್ ಬಾಟಲಿಗಳನ್ನು ಮಾತ್ರ ಮುಟ್ಟಬೇಡಿ.

ಇನ್ನೊಂದು, ಬಿಎಸ್6 ಗಾಡಿಯಲ್ಲಿ ಗೇಜು ಕಡ್ಡಿ ಎಳೆದು ನೋಡುವಾಗ ಆಯಿಲ್ ಇಳಿದಿದೆಯಾ ಅಂತ ಮಾತ್ರ ನೋಡಿದರೆ ಸಾಲದು. ಏರಿದೆಯಾ ಅಂತಲೂ ನೋಡಿ. ಕೆಲವು ಎಂಜಿನ್‌ಗಳಲ್ಲಿ ರೀಜನ್ ಸಮಯದಲ್ಲಿ ಸಿಲಿಂಡರ್‌ಗೆ ಹೆಚ್ಚುವರಿ ಡೀಸೆಲ್ ಬಿಡುತ್ತಾರೆ. ರೀಜನ್ ಅರ್ಧಕ್ಕೆ ನಿಂತರೆ, ಮಂಡಿಯ ಸಾಲಿನಲ್ಲಿ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿದ್ದರೆ, ಡೀಸೆಲ್ ಇಳಿದು ಆಯಿಲ್‌ಗೆ ಸೇರುತ್ತದೆ. ಮೇಲಿನ ಗೆರೆ ದಾಟಿದ್ದರೆ ಖುಷಿ ಪಡಬೇಡಿ, ಶೋರೂಂಗೆ ಹೋಗಿ ಬರಹದಲ್ಲಿ ದೂರು ಕೊಡಿ. ಬಣ್ಣ ನೋಡಿ ತೀರ್ಮಾನಿಸಬೇಡಿ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಒಂದೇ ಟ್ರಿಪ್‌ಗೆ ಕಪ್ಪಾಗುತ್ತದೆ.

ವಾರಂಟಿ ಮುಗಿದ ಮೇಲೆ ಸಿಂಥೆಟಿಕ್ ಕಡೆ ಬನ್ನಿ, ಆಗ ಅದಕ್ಕೆ ಅರ್ಥ ಇದೆ. ಆಗಲೂ ಅಂತರ ಹೆಚ್ಚಿಸುವುದು ಅಂದಾಜಿನ ಮೇಲೆ ಅಲ್ಲ. ಆಯಿಲ್ ಸ್ಯಾಂಪಲ್ ಪರೀಕ್ಷೆ ಮಾಡಿಸಿ, ಕಬ್ಬಿಣ, ಸಿಲಿಕಾನ್, ಮಸಿ, ಟಿಬಿಎನ್ (ಆಮ್ಲ ತಡೆಯುವ ಶಕ್ತಿ ಎಷ್ಟು ಉಳಿದಿದೆ ಅನ್ನುವ ಅಳತೆ) ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಸಿಲಿಕಾನ್ ಏರಿದ್ದರೆ ಹೆಚ್ಚಾಗಿ ತಪ್ಪು ಆಯಿಲ್‌ದಲ್ಲ, ಏರ್ ಫಿಲ್ಟರ್ ಕಡೆಯಿಂದ ದೂಳು ಒಳಗೆ ಹೋಗುತ್ತಿರಬಹುದು.

ಮನೆಯಲ್ಲಿರುವ ಸಿಐ-4 ಬ್ಯಾರಲ್ ಅಪ್ಪನ ಗಾಡಿಗೇ ಖರ್ಚಾಗಲಿ. ಅದು ಅಂಗಳದಲ್ಲಿ ನಿಂತಿದ್ದರೆ ಮಳೆಗಾಲಕ್ಕೆ ಮುಂಚೆ ಸೂರಿನ ಕೆಳಗೆ ತನ್ನಿ. ಹಗಲು ಬಿಸಿಗೆ ಒಳಗಿನ ಗಾಳಿ ಉಬ್ಬಿ, ರಾತ್ರಿ ತಣ್ಣಗಾದಾಗ ಬಿರಡೆಯ ಸುತ್ತ ನಿಂತ ನೀರನ್ನು ಒಳಗೆಳೆದುಕೊಳ್ಳುತ್ತದೆ. ಜಾಗ ಇಲ್ಲದಿದ್ದರೆ ಕೆಳಗೆ ಒಂದು ಕಡೆ ಹಲಗೆ ಕೊಟ್ಟು ಓರೆ ಮಾಡಿ, ಬಿರಡೆಯ ಹತ್ತಿರ ನೀರು ನಿಲ್ಲದ ಹಾಗೆ. ಮೇಲೆ ದೊಡ್ಡದಾಗಿ ಬಣ್ಣದಲ್ಲಿ "ಹಳೇ ಗಾಡಿಗೆ ಮಾತ್ರ" ಅಂತ ಬರೆಸಿ.